ಉಪದೇಶ ಬಿಟ್ಟು ದಬ್ಬಣ ಹಿಡಿದ ವರ್ಷ

ಆ ವರ್ಷ ಡಿಸೆಂಬರ್ ಮೊದಲ ವಾರದಿಂದ ನನ್ನ ಹೆಂಡತಿ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ಗಂಗಾಳ ಮುಂದಿಡುತ್ತಿದ್ದಳು, ನೀರಿನ ತಂಬಿಗೆ ಎಡಕ್ಕೆ ಇಡುವುದನ್ನೂ ಮರೆಯುತ್ತಿರಲಿಲ್ಲ. ಆದರೆ ಹೇಳಬೇಕಾದದ್ದನ್ನೆಲ್ಲ ಒಲೆಗೋ ಗೋಡೆಗೋ ಹೇಳುತ್ತಿದ್ದಳು. "ಎಣ್ಣಿ ತೀರೈತಿ." "ಸಾಲಿಗೆ ಹೊತ್ತಾತು." ಅಷ್ಟೇ.

ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ ಅದು. ನನಗೆ ನಲವತ್ಮೂರು, ಅವಳಿಗೆ ಮೂವತ್ತೆಂಟು. ಕುಷ್ಟಗಿಯಲ್ಲಿ ಮಿಶನ್ನಿನವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಮಕ್ಕಳಾಗಿರಲಿಲ್ಲ. ಮನೆಗೆ ಹತ್ತಿಕೊಂಡೇ ಪ್ರಾರ್ಥನೆಯ ಗುಡಿ. ಕಲ್ಲಿನ ಗೋಡೆ, ಮೇಲೆ ನಾಡಹೆಂಚು. ಹದಿನೇಳು ವರ್ಷದಿಂದ ನಾನು ಅಲ್ಲಿಯ ಉಪದೇಶಿ. ರವಿವಾರ ಪ್ರಾರ್ಥನೆ ನಡೆಸುವುದು, ಉಳಿದ ದಿನ ಹಳ್ಳಿಯ ಕೇರಿಗಳಿಗೆ ನಡೆದುಹೋಗಿ ಸುವಾರ್ತೆ ಹೇಳುವುದು, ಹುಟ್ಟಿದವರಿಗೆ ಹೆಸರಿಡುವುದು, ಸತ್ತವರನ್ನು ಮಣ್ಣು ಮಾಡುವುದು ನನ್ನ ಕೆಲಸ. ಅವಳು ಮಿಶನ್ ಸಾಲಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸುತ್ತಿದ್ದಳು.

ಅವಳು ಮಾತು ಬಿಟ್ಟದ್ದೇಕೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳಿಂದ ಅವಳಿಗೆ ನಾನೇ ಸುಳ್ಳು ಹೇಳುತ್ತ ಬಂದಿದ್ದೆ.

ಯಲಬುರ್ಗಾ ಕಡೆಗೆ ಮೂರು ಹರದಾರಿ ದೂರದ ಹಳ್ಳಿಯೊಂದು ನನ್ನ ಹುಟ್ಟೂರು. ನಮ್ಮದು ತೊಗಲಿನ ಕೆಲಸದವರ ಮನೆತನ. ಹದಿನಾಲ್ಕನೆಯ ವಯಸ್ಸಿನವರೆಗೆ ನಾನು ಅಪ್ಪನ ಪಕ್ಕದಲ್ಲಿ ಕೂತು ಕಾಲಿಗೆ ಮೆಟ್ಟುವ ಕಾಲ್ಮರಿ ಹೊಲಿದವನು, ಎತ್ತಿನ ಕೊರಳಪಟ್ಟಿ ಹೊಲಿದವನು. ಆಮೇಲೆ ಒಬ್ಬ ಪಾದ್ರಿ ನನ್ನನ್ನು ಬೋರ್ಡಿಂಗ್ ಸಾಲಿಗೆ ಕರೆದುಕೊಂಡು ಹೋದರು. ಅಣ್ಣ ಅಪ್ಪನ ಬಳಿ ಉಳಿದ. ಅವನು ನಮ್ಮ ಧರ್ಮಕ್ಕೆ ಬರಲಿಲ್ಲ, ನಾನು ಅವನ ಕೆಲಸಕ್ಕೆ ಹೋಗಲಿಲ್ಲ. ವರ್ಷಕ್ಕೊಮ್ಮೆ ನೋಡಿ ಬರುತ್ತಿದ್ದೆ.

ಆ ಸಲ ದಸರೆಯ ಮರುವಾರ ಅಣ್ಣ ತೀರಿಕೊಂಡ. ಮಣ್ಣಿಗೆ ಹೋದೆ. ಮೂರನೆಯ ದಿನ ಊರಿನ ಒಬ್ಬ ರೈತ, ಅಪ್ಪನ ಕಾಲದಿಂದ ನಮ್ಮ ಮನೆಗೇ ಕೆಲಸ ಕೊಡುತ್ತಿದ್ದ ಹಿರಿಯ, ಅಂಗಳದ ಅಂಚಿಗೆ ಬಂದು ನಿಂತ. ಅವನ ಬಾವಿಯ ಕಪಿಲೆಗೆ ತೊಗಲಿನ ಹೊಸ ಚೀಲ ಬೇಕಾಗಿತ್ತು. ಎತ್ತುಗಳು ನೀರೆಳೆಯುವುದು ಅದರಲ್ಲೇ. ಅಣ್ಣ ಅರ್ಧ ಹೊಲಿದು ಇಟ್ಟಿದ್ದ.

"ಇಂಥಾ ಹೊತ್ತಿನ್ಯಾಗ ಕೇಳಬಾರದು ತಮ್ಮಾ," ಎಂದ ಆತ. "ಆದ್ರ ಮೆಣಸಿನಗಿಡ ಬಾಡಾಕತ್ತಾವು. ಯಾರ ಕಡೆ ಹೋಗ್ಲಿ?"

ಅತ್ತಿಗೆ ಒಳಗಿಂದ ಆ ಅರ್ಧ ಚೀಲ ತಂದು ನನ್ನ ಮುಂದಿಟ್ಟಳು. ನಾನು ಕೋಟು ಕಳಚಿ ಕೂತೆ. ಕೈಗೆ ಮರೆತುಹೋಗಿದೆ ಅಂದುಕೊಂಡಿದ್ದೆ, ಮರೆತಿರಲಿಲ್ಲ. ದಬ್ಬಣ ಎಲ್ಲಿ ಚುಚ್ಚಬೇಕು, ದಾರ ಎಷ್ಟು ಬಿಗಿಯಬೇಕು, ಒದ್ದೆ ತೊಗಲು ಎಷ್ಟು ಎಳೆದರೆ ಎಷ್ಟು ಬರುತ್ತದೆ, ಎಲ್ಲ ಬೆರಳಿಗೆ ಗೊತ್ತಿತ್ತು. ಎರಡು ದಿನ ಕೂತು ಮುಗಿಸಿದೆ. ಆ ಎರಡು ದಿನ ನಾನು ಬಾಯಿಬಿಟ್ಟು ಒಂದೂ ಪ್ರಾರ್ಥನೆ ಹೇಳಲಿಲ್ಲ. ಆದರೂ ದಿನವಿಡೀ ದೇವರ ಮುಂದೆ ಕೂತಿದ್ದಂತೆ ಅನಿಸಿತು. ಹಲವು ವರ್ಷಗಳಿಂದ ಹಾಗೆ ಅನಿಸಿರಲಿಲ್ಲ. ಗುಡಿಯಲ್ಲಿ ನಿಂತು ಮಾತಾಡುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸತೊಡಗಿ ಬಹಳ ದಿನವಾಗಿತ್ತು. ಹೇಳಿದ್ದನ್ನೇ ಹೇಳುತ್ತಿದ್ದೆ, ಅತ್ತವರ ಮುಂದೆ ಅವೇ ಸಮಾಧಾನದ ಮಾತು, ನಕ್ಕವರ ಮುಂದೆ ಅವೇ ಆಶೀರ್ವಾದ. ಚೀಲಕ್ಕೆ ನೀರು ತುಂಬಿ ಬಾವಿಯಿಂದ ಮೇಲೆ ಬಂದಾಗ ಒಂದು ಹನಿಯೂ ಸೋರಲಿಲ್ಲ. ನಾನು ಮಾಡಿದ್ದು ಸುಳ್ಳಲ್ಲ ಎಂದು ಮನಸ್ಸು ಹೇಳಿತು.

ಅಲ್ಲಿಂದ ಶುರು. ಹಳ್ಳಿಗಳಿಗೆ ಉಪದೇಶಕ್ಕೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ವಾರಕ್ಕೆ ಎರಡು ದಿನ ಅಣ್ಣನ ಮನೆಗೆ ಹೋಗಿ ಕೂರತೊಡಗಿದೆ. ಬರುವಾಗ ಹಳ್ಳದಲ್ಲಿ ಮಣ್ಣು ಹಚ್ಚಿ ಕೈ ತಿಕ್ಕಿ ತೊಳೆಯುತ್ತಿದ್ದೆ.

ಅವಳಿಗೇಕೆ ಹೇಳಲಿಲ್ಲ ಎಂಬುದಕ್ಕೆ ಅವಳ ಬಾಲ್ಯದ ಸಂಗತಿ ಹೇಳಬೇಕು. ಅವಳೂ ಅದೇ ಕೆಲಸದ ಮನೆಯ ಮಗಳು. ಯಾರ ಮನೆಯಲ್ಲಿ ದನ ಸತ್ತರೂ ಹೊತ್ತಲ್ಲದ ಹೊತ್ತಿನಲ್ಲಿ ಕೇರಿಯ ತುದಿಗೆ ನಿಂತು, ಎಳೆದು ಹಾಕಲು ಬಾರೋ ಎಂದು ಕೂಗುತ್ತಿದ್ದರಂತೆ. ಅವಳ ಅಪ್ಪ ಉಣ್ಣುವ ಕೈ ತೊಳೆದು ಎದ್ದು ಹೋಗಬೇಕು. ಹಬ್ಬವಿರಲಿ, ಜ್ವರವಿರಲಿ. ಒಮ್ಮೆ ಹೋಗುವುದು ತಡವಾಯಿತೆಂದು ಊರವರ ಎದುರು ಅವನ ತಲೆಯ ಮೇಲಿನ ರುಮಾಲು ಕೆಡವಿದರು. ಏಳು ವರ್ಷದ ಇವಳು ಆ ರುಮಾಲು ಎತ್ತಿ ತಂದಳು. ಮಿಶನ್ ಸಾಲಿ ಸೇರಿದ ಮೇಲೆ ರಜೆಗೂ ಆ ಊರಿಗೆ ಹೋಗಲಿಲ್ಲ. ನನ್ನನ್ನು ಮದುವೆಯಾಗಲು ಒಪ್ಪುವ ಮುಂಚೆ ಪಾದ್ರಿಗಳ ಹೆಂಡತಿಯ ಮೂಲಕ ಒಂದೇ ಪ್ರಶ್ನೆ ಕೇಳಿಸಿದ್ದಳು: "ಅವ್ರು ತೊಗಲು ಮುಟ್ತಾರೇನು?" ಇಲ್ಲ ಎಂದು ನಾನು ಹೇಳಿಕಳಿಸಿದ್ದೆ.

ಕ್ರಿಸ್ಮಸ್ ಹಬ್ಬಕ್ಕೆ ಎಂಟು ದಿನ ಉಳಿದಿದ್ದ ಒಂದು ಬೆಳಗ್ಗೆ ಅವಳು ಗುಡಿಗೆ ಸುಣ್ಣ ಬಳಿಯುತ್ತಿದ್ದಳು. ನಾನು ಬಟ್ಟೆಯ ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಸುಣ್ಣದ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು. ಹನ್ನೆರಡು ದಿನದ ಮೇಲೆ ನನ್ನ ಮುಖ ನೋಡಿದಳು.

"ಇವತ್ತ ಯಾವ ಊರ್ರಿ?"

ಒಂದು ಹಳ್ಳಿಯ ಹೆಸರು ಹೇಳಿದೆ.

"ಆ ಊರಿನ ಹೆಣ್ಣಮಗಳೊಬ್ಬಾಕಿ ಈ ತಿಂಗಳ ಮೊದಲಿಗೆ ಸಾಲಿಗೆ ಬಂದಿದ್ಳು. ದೀಪಾವಳಿಯಿಂದ ಅಯ್ಯಾವ್ರು ನಮ್ಮ ಕಡೆ ಬಂದೇ ಇಲ್ಲ ಅಂದ್ಳು. ನೀವು ಹೋಗೂದು ನಿಮ್ಮ ಅತ್ತಿಗಿ ಮನಿಗೆ. ಊರಿಗೆಲ್ಲಾ ಗೊತ್ತೈತಿ. ನಾ ಒಬ್ಬಾಕಿ ಹುಚ್ಚಿ."

ಅವಳು ಏನೆಂದುಕೊಂಡಿದ್ದಾಳೆಂಬುದು ಆಗ ನನಗೆ ಹೊಳೆಯಿತು. ಗಂಡ ಸತ್ತ ಅತ್ತಿಗೆ, ಮಕ್ಕಳಿಲ್ಲದ ನಾವು.

"ನೀ ತಿಳಕೊಂಡಂಗಲ್ಲ," ಎಂದೆ.

"ಮತ್ತ ಹೆಂಗ?"

"ನಾ ಅಲ್ಲಿ ಕೆಲಸ ಮಾಡ್ತೀನಿ. ಅಣ್ಣನ ಕೆಲಸ. ತೊಗಲಿನ ಕೆಲಸ."

ಅವಳು ನನ್ನ ಕೈಗಳ ಕಡೆ ನೋಡಿದಳು. ಬಲಗೈ ಹೆಬ್ಬೆರಳಿನ ಹತ್ತಿರ ದಾರ ಎಳೆದು ಎಳೆದು ಗೆರೆ ಬಿದ್ದಿತ್ತು. ಇಷ್ಟು ದಿನ ಅದನ್ನು ನಾನು ಮುಚ್ಚಿಡುತ್ತಿದ್ದೆ.

"ಅದಾಗಿದ್ರೂ ನಾ ತಡಕೋತಿದ್ನೆಲ್ರೀ," ಎಂದಳು. ದನಿ ಏರಲಿಲ್ಲ. "ಬ್ಯಾರೆ ಹೆಣ್ಣಾಗಿದ್ರೂ ತಡಕೋತಿದ್ದೆ. ಇದನ್ನ ಹೆಂಗ ತಡಕೊಳ್ಳಲಿ?"

ನಾನು ಹೇಳಲು ನೋಡಿದೆ. ಚೀಲದ ನೀರಿನ ಸಂಗತಿ, ದಿನವಿಡೀ ದೇವರ ಮುಂದೆ ಕೂತಂತೆ ಅನ್ನಿಸಿದ್ದು, ಉಪದೇಶದ ಕೆಲಸ ಬಿಡಬೇಕೆಂದು ಮನಸ್ಸು ಮಾಡಿದ್ದು. ಅವಳು ಕಡೆಯ ಮಾತಿನವರೆಗೆ ಕೇಳಿದಳು.

"ನಿಮಗ ನಂಬಿಕಿ ಹೋಗೇತಿ."

"ಇಲ್ಲ. ಹೋಗಿದ್ದು ತಿರುಗಿ ಬಂದೈತಿ."

"ಸತ್ತ ದನದ ತೊಗಲಿನ್ಯಾಗ ಬಂತೇನು?" ಎಂದು ಕೇಳಿ ಸುಣ್ಣದ ಗಡಿಗೆ ಎತ್ತಿಕೊಂಡು ಹೋದಳು. ಗೋಡೆಯ ಉಳಿದರ್ಧವನ್ನು ಬಳಿದೇ ಮನೆಗೆ ಬಂದಳು.

ಹಬ್ಬಕ್ಕೆ ಎರಡು ದಿನ ಮುಂಚೆ ದೊಡ್ಡ ಪಾದ್ರಿಗಳು ಬಂದರು. ನಮ್ಮ ಕಡೆಯ ಸಭೆಗಳಿಗೆಲ್ಲ ಹಿರಿಯರು. ನನ್ನನ್ನು ಬೋರ್ಡಿಂಗಿನಿಂದ ಬಲ್ಲವರು. ಬಸ್ಸಿನ ಧೂಳು ತೊಳೆದುಕೊಂಡು ಚಹಾ ಕುಡಿಯುತ್ತಿದ್ದಾಗ ನಾನು ಕೆಲಸ ಬಿಡುವ ಮಾತು ತೆಗೆದೆ. ಅವರು ಬಟ್ಟಲನ್ನು ಕೆಳಗಿಟ್ಟರು.

"ಯಾರರ ಏನರ ಅಂದ್ರೇನು?"

"ಯಾರೂ ಅಂದಿಲ್ರಿ. ನನ್ನ ಮಾತಿನ್ಯಾಗ ನನಗ ಜೀವ ಕಾಣವಲ್ದು. ಆ ಕೆಲಸದಾಗ ಕಾಣ್ತೈತಿ."

"ನಲವತ್ತು ದಾಟಿದ ಮ್ಯಾಲೆ ಎಲ್ಲಾರಿಗೂ ಹಂಗ ಆಗ್ತೈತಿ. ನನಗೂ ಆಗಿತ್ತು."

ಒಳಗಿನ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗು ಹೊದ್ದುಕೊಂಡು ಮುಂದೆ ಬಂದಳು. "ಅಯ್ಯನವರ, ಇವರನ್ನ ಗಂಗಾವತಿ ಕಡೆ ಹಾಕ್ರಿ. ಅಲ್ಲಿ ಯಾರೂ ಗುರುತಿನವ್ರಿಲ್ಲ. ಅಣ್ಣನ ಮನಿ ದೂರ ಆಗ್ತೈತಿ. ಸರಿಹೋಗ್ತಾರ."

ಪಾದ್ರಿಗಳಿಗೆ ಈ ಮಾತು ಹಿಡಿಸಿತು. ಗಂಗಾವತಿಯಲ್ಲಿ ಉಪದೇಶಿಯ ಜಾಗವೂ ಇತ್ತು, ಹೆಣ್ಣುಮಕ್ಕಳ ಸಾಲಿಗೆ ಟೀಚರ ಜಾಗವೂ ಇತ್ತು. ಹಬ್ಬದ ಉಪದೇಶ ನಾನೇ ಮಾಡಬೇಕು, ಪ್ರಾರ್ಥನೆ ಮುಗಿದ ಮೇಲೆ ಅವರಿಗೆ ಒಂದೇ ಮಾತಿನ ಉತ್ತರ ಕೊಡಬೇಕು: ಗಂಗಾವತಿ, ಇಲ್ಲವೇ ರಾಜೀನಾಮೆ. ರಾಜೀನಾಮೆ ಎಂದರೆ ಮನೆಯೂ ಬಿಡಬೇಕು. ಅದೇ ಸಂಜೆ ಅವಳು ಟ್ರಂಕು ಎಳೆದು ಬಟ್ಟೆ ಮಡಚಿ ಇಡತೊಡಗಿದಳು. ನನ್ನ ಎರಡು ಧೋತರ, ಕೋಟು, ಅವಳ ಸೀರೆಗಳು. ಒಂದು ಕಡೆ ಕರ್ಚಿಕಾಯಿ ಕರಿಯುವ ವಾಸನೆ, ಇನ್ನೊಂದು ಕಡೆ ತೆರೆದ ಟ್ರಂಕು.

ಹಬ್ಬದ ದಿನ ಬೆಳಗಿನ ಚಳಿಯಲ್ಲೇ ಹಳ್ಳಿಗಳಿಂದ ಮಂದಿ ಬಂದರು. ಕಚೇರಿಯವರು ಉರ್ದುವಿನಲ್ಲಿ ನಮ್ಮ ಹಬ್ಬಕ್ಕೆ ಬಡಾದಿನ್, ದೊಡ್ಡ ದಿನ, ಎನ್ನುತ್ತಿದ್ದರು; ನಮ್ಮವರಿಗೆ ಅದು ಹೊಸ ಬಟ್ಟೆಯ ದಿನ. ಗುಡಿ ತುಂಬಿ ಬಾಗಿಲಾಚೆಯೂ ಚಾಪೆ ಹಾಸಿದ್ದರು. ತಾಳ, ದಪ್ಪು ಹಿಡಿದು ಹಾಡಿದರು. ನನ್ನ ಹೆಂಡತಿ ಹೆಂಗಸರ ಸಾಲಿನ ಮುಂದೆ ಕೂತಿದ್ದಳು, ಬೆನ್ನು ನೆಟ್ಟಗೆ. ಪಾದ್ರಿಗಳು ನನ್ನ ಪಕ್ಕದ ಕುರ್ಚಿಯಲ್ಲಿ.

ಪ್ರತಿ ವರ್ಷ ಆ ದಿನ ನಾನು ಹೇಳುತ್ತಿದ್ದುದು ಬೈಬಲಿನ ಕುರಿ ಕಾಯುವವರ ಕಥೆ. ಹೊಲದಲ್ಲಿದ್ದವರಿಗೆ ದೇವದೂತ ಸುದ್ದಿ ಹೇಳಿದ್ದು, ಅವರು ಎದ್ದು ಓಡಿದ್ದು, ಕೂಸನ್ನು ಕಂಡದ್ದು. ಅಲ್ಲಿಗೆ ನಿಲ್ಲಿಸಿ, ನೀವೂ ಹಾಗೆ ಎಲ್ಲ ಬಿಟ್ಟು ಓಡಿ ಬನ್ನಿರಿ ಎಂದು ಮುಗಿಸುತ್ತಿದ್ದೆ. ಆ ಸಲ ಓದುವಾಗ ಮುಂದಿನ ಸಾಲು ಕಣ್ಣಿಗೆ ಬಿತ್ತು. ಕೂಸನ್ನು ಕಂಡ ಮೇಲೆ ಅವರು ತಿರುಗಿ ಹೋದರು ಎಂದಿತ್ತು. ಎಲ್ಲಿಗೆ ಹೋಗುತ್ತಾರೆ? ಕುರಿಗಳ ಹತ್ತಿರವೇ. ಹದಿನೇಳು ವರ್ಷ ಈ ಸಾಲನ್ನು ನಾನು ದಾಟಿ ಹೋಗಿದ್ದೆ.

"ಅವ್ರು ಯಾರೂ ಪಾದ್ರಿ ಆಗ್ಲಿಲ್ಲ," ಎಂದು ಹೇಳಿದೆ. ಪಾದ್ರಿಗಳು ಕುರ್ಚಿಯಲ್ಲಿ ಮಿಸುಕಾಡಿದರು. ಹೆಂಡತಿ ತಲೆ ಎತ್ತಿದಳು. ಕೆಲಸ ಬಿಡುವ ಮಾತನ್ನು ಗುಡಿಯಲ್ಲಿ ಆಡುವುದಿಲ್ಲವೆಂದು ಹಿಂದಿನ ರಾತ್ರಿಯಷ್ಟೇ ಅವಳಿಗೆ ನಾನು ಮಾತು ಕೊಟ್ಟಿದ್ದೆ.

ಅಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿಸಿತು.

"ಏ, ಅದೀಯೇನೋ? ಬಾರೋ ಹೊರಗ! ಚೀಲ ಹರದೈತಿ!"

ದನಿ ನನಗೆ ಗೊತ್ತಾಯಿತು. ಕಂಪೌಂಡಿನ ಆಚೆ ಬೇವಿನ ಗಿಡದ ಕೆಳಗೆ ನನ್ನ ಊರಿನ ಆ ರೈತ ನಿಂತಿದ್ದ. ಬಂಡಿಯಲ್ಲಿ ಬಂದಿದ್ದ. ಗುಡಿಯೊಳಗಿನವರೆಲ್ಲ ತಿರುಗಿ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಆತ ಕೆಟ್ಟವನಲ್ಲ. ಕಣ್ಣೆದುರು ಪೈರು ಬಾಡುತ್ತಿದ್ದವನು. ಅಣ್ಣ ಬದುಕಿದ್ದಾಗ ಊರಿಗೆ ಹೋದರೆ ನನಗೆ "ಬಂದ್ರ್ಯಾ" ಎನ್ನುತ್ತಿದ್ದ; ಕೋಟಿನ ಮರ್ಯಾದೆ ಅದು. ನಾನು ದಬ್ಬಣ ಹಿಡಿದ ಮೇಲೆ ಮೊದಲು "ತಮ್ಮಾ" ಎಂದ, ಆಮೇಲೆ "ಬಾರೋ" ಎಂದ. ನನಗೆ ಅದು ಗೊತ್ತಾಗಿತ್ತು. ಹಳೆಯ ಸಲಿಗೆ ಎಂದುಕೊಂಡು ಒಳಗೊಳಗೆ ಹಿತವೂ ಆಗಿತ್ತು. ಈಗ ಅಷ್ಟು ಜನರ ನಡುವೆ ಆ ಕೂಗು ಕೇಳಿದಾಗ, ನನ್ನ ಹೆಂಡತಿ ಏಳು ವರ್ಷದವಳಿದ್ದಾಗ ಏನು ಕೇಳಿದ್ದಳೋ ಅದನ್ನೇ ನಾನೂ ಕೇಳಿದೆ.

ಓಗೊಡಲೋ ಸುಮ್ಮನಿರಲೋ ತಿಳಿಯದೆ ನಿಂತೆ. ಅವಳು ಎದ್ದಳು. ಚಾಪೆಯ ಮೇಲೆ ಕೂತವರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋದಳು. ಅಲ್ಲಿಂದ ಕಂಪೌಂಡಿನ ಗೋಡೆಯ ತನಕ ನಡೆದಳು. ಅವಳ ಒಂದೊಂದು ಮಾತೂ ಒಳಗೆ ಬಂತು.

"ಯಾರನ್ನ ಕರೀತೀರಿ?"

"ಅವನ್ನ, ನಿನ್ನ ಗಂಡನ್ನ. ಚೀಲ..."

"ನನ್ನ ಗಂಡಗ ನಲವತ್ಮೂರು ವರ್ಷ. ಈ ಊರಾಗ ಅವ್ರಿಗೆ ಎಲ್ಲಾರೂ ಬರ್ರಿ ಅಂತಾರ, ಹೋಗ್ರಿ ಅಂತಾರ. ನೀವೂ ಹಂಗ ಅನ್ನೂದಾದ್ರ ನಿಲ್ರಿ. ಇಲ್ಲಾಂದ್ರ ಬಂಡಿ ಹೊಡ್ಕೊಂಡು ಹೋಗ್ರಿ."

ಒಬ್ಬ ಹೆಂಗಸು, ಅದೂ ನಮ್ಮ ಕೇರಿಯ ಹೆಂಗಸು, ಎದುರು ನಿಂತು ಹೀಗೆ ಅಂದದ್ದನ್ನು ಆತ ಹಿಂದೆ ಕೇಳಿರಲಿಕ್ಕಿಲ್ಲ. ಬಂಡಿಯಲ್ಲಿ ಬಾರುಕೋಲಿತ್ತು. ನಮ್ಮ ಗಂಡಸರು ನಾಲ್ಕೈದು ಮಂದಿ ಎದ್ದು ನಿಂತರು. ಏನಾದರೂ ಆಗಿಬಿಟ್ಟರೆ ನಾಳೆಯಿಂದ ಆ ಊರಿನ ಕೇರಿಯವರಿಗೆ ಬಾವಿ ದಾರಿಯೂ ಇರುವುದಿಲ್ಲ.

ಆತ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ನಮ್ಮ ಬಾಯಿ ರೂಢಿ ಅದವ್ವಾ," ಎಂದ ಮೆಲ್ಲಗೆ. ಆಮೇಲೆ ಗುಡಿಯ ಬಾಗಿಲ ಕಡೆ ನೋಡಿ, ಯಾರನ್ನೂ ಉದ್ದೇಶಿಸದಂತೆ, "ಪೂಜಿ ಮುಗಿದ ಮ್ಯಾಲೆ ಹೇಳ್ರಿ. ಕುಂದರ್ತೀನಿ," ಎಂದ.

ಅವಳು ಬಂದು ತನ್ನ ಜಾಗದಲ್ಲಿ ಕೂತಳು. "ಮುಂದ ಹೇಳ್ರಿ," ಎಂದಳು ನನಗೆ. ಏನು ಹೇಳಿದೆನೋ ನೆನಪಿಲ್ಲ. ಎರಡು ಮಾತು ಹೇಳಿ ಪ್ರಾರ್ಥನೆಗೆ ಮೊಣಕಾಲೂರಿದೆ.

ಪ್ರಾರ್ಥನೆ ಮುಗಿದು ಮಂದಿ ಹುಗ್ಗಿ ಉಣ್ಣಲು ಕೂತಾಗ ಪಾದ್ರಿಗಳು ನಮ್ಮಿಬ್ಬರನ್ನು ಒಳಗೆ ಕರೆದರು. ನನ್ನ ಉತ್ತರ ಕೇಳಿದರು. ಕೆಲಸ ಬಿಡುತ್ತೇನೆಂದು ಹೇಳಿದೆ. ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ.

"ನೀವೇನಂತೀರವ್ವಾ?" ಎಂದು ಅವರು ಅವಳನ್ನು ಕೇಳಿದರು.

"ನಾ ಗಂಗಾವತಿಗೆ ಹೋಗ್ತೀನ್ರಿ," ಎಂದಳು. "ಟೀಚರ ಜಾಗ ಐತೆಂದ್ರೆಲ್ಲ. ನಾ ಒಬ್ಬಾಕಿ ಹೋಗ್ತೀನಿ."

ಆಮೇಲೆ ಪಾದ್ರಿಗಳ ಎದುರೇ ನನಗೆ ಹೇಳಿದಳು. ಸತ್ತ ದನ ಎಳೆಯಲು ಹೋಗಬಾರದು. ಯಾರ ಅಂಗಳದಲ್ಲೂ ಕೂತು ಹೊಲಿಯಬಾರದು. ಬಜಾರದಲ್ಲಿ ಉಳಿದವರು ಅಂಗಡಿ ಇಟ್ಟಂತೆ ಇಟ್ಟು ಕೂರಬೇಕು. ಬಾರೋ ಎಂದವರ ಕೆಲಸ ಮುಟ್ಟಬಾರದು.

"ಇಷ್ಟ ನಡೀತಂದ್ರ ತೊಗಲು ಮುಟ್ಟಿದ ಕೈಯಿಂದ ಉಂಡಾರ ಉಣ್ತೀನಿ," ಎಂದಳು. "ಸುಳ್ಳು ಹೇಳಿದ್ದು ಮಾತ್ರ ಬ್ಯಾರೆ. ಅದರ ಲೆಕ್ಕ ಇದರಾಗಿಲ್ಲ."

ಆ ರೈತನ ಹರಿದ ಚೀಲವನ್ನು ಮರುದಿನ ಅಣ್ಣನ ಮನೆಯಲ್ಲಿ ಕೂತು ಹೊಲಿದುಕೊಟ್ಟೆ. ನಾಲ್ಕನೆಯ ದಿನ ಅವಳು ಟ್ರಂಕಿನಿಂದ ನನ್ನ ಬಟ್ಟೆ ತೆಗೆದಿಟ್ಟು ತನ್ನವನ್ನಷ್ಟೇ ಇಟ್ಟುಕೊಂಡು ಬಸ್ಸು ಹತ್ತಿದಳು. ನಾನು ಟ್ರಂಕು ಮೇಲೇರಿಸಿದೆ. ಬಸ್ಸು ಹೋಗುವ ತನಕ ಅವಳು ಮುಂದೆಯೇ ನೋಡುತ್ತಿದ್ದಳು.

ಬಜಾರದಲ್ಲಿ ನನಗೆ ಜಾಗ ಕೊಡಲು ಯಾರೂ ಒಪ್ಪಲಿಲ್ಲ. ಎರಡು ತಿಂಗಳು ಅಲೆದೆ. ಕೊನೆಗೆ ಬಸ್ಸು ನಿಲ್ಲುವ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದ ಮುಸಲ್ಮಾನ ಸಾಹೇಬರೊಬ್ಬರು ತಮ್ಮ ಪಡಸಾಲೆಯ ಅರ್ಧ ಬಿಟ್ಟುಕೊಟ್ಟರು. ಮಲಗಲು ಹಿಂದಿನ ಕೋಣೆ. ಹದ ಮಾಡಿದ ತೊಗಲನ್ನು ನಮ್ಮೂರಿನಿಂದಲೇ ಕೊಂಡು ತರಿಸಿದೆ. ಅಂದರೆ ದನ ಎಳೆಯುವ ಕೆಲಸ ಇನ್ನೊಬ್ಬರ ಪಾಲಿಗೆ ಬಿತ್ತು. ಅದು ನನಗೆ ಚುಚ್ಚಿತು, ಇಂದಿಗೂ ಚುಚ್ಚುತ್ತದೆ. ಸಾಹೇಬರು ಮೊದಲ ದಿನದಿಂದ ನನ್ನನ್ನು "ಮಾಸ್ತರ್" ಎಂದು ಕರೆದರು, ಬಂದವರೂ ಹಾಗೇ ಕರೆದರು. ಕರೆಯದವರೂ ಇದ್ದರು. ಅವರ ಕೆಲಸ ತಿರುಗಿಸಿ ಕಳಿಸಿದೆ. ಕೆಲವು ದಿನ ಹಸಿದೂ ಇದ್ದೆ. ನಮ್ಮೂರಿನ ಆ ರೈತ ಮಾತ್ರ ಚೀಲ ಹೊಲಿಸಲು ಬಂಡಿ ಕಟ್ಟಿಕೊಂಡು ಅಂಗಡಿಗೇ ಬಂದ. "ಬರ್ರಿ" ಎನ್ನಲು ಬಾಯಿ ಬರುತ್ತಿರಲಿಲ್ಲ, "ಬಾರೋ" ಎನ್ನಲು ಮನಸ್ಸಾಗುತ್ತಿರಲಿಲ್ಲ. ಹೀಗಾಗಿ ನನ್ನನ್ನು ಏನೂ ಕರೆಯದೆ ವ್ಯವಹಾರ ಮುಗಿಸುತ್ತಿದ್ದ.

ಅವಳಿಗೆ ತಿಂಗಳಿಗೊಂದು ಕಾರ್ಡು ಬರೆದೆ. ಉತ್ತರ ಚಿಕ್ಕದಾಗಿ ಬರುತ್ತಿತ್ತು. ಸಾಲಿಯಲ್ಲಿ ಮೂವತ್ತು ಹುಡುಗಿಯರು, ಗದ್ದೆ ಸೀಮೆಯಲ್ಲಿ ಸೊಳ್ಳೆ ಬಹಳ, ಅನ್ನ ತಿಂದು ತಿಂದು ಬಾಯಿ ಕೆಟ್ಟಿದೆ. ನಾನು ಹೇಗಿದ್ದೇನೆಂದು ಒಂದು ಕಾರ್ಡಿನಲ್ಲೂ ಕೇಳಲಿಲ್ಲ.

ಮರು ವರ್ಷ ಹಬ್ಬದ ಹಿಂದಿನ ದಿನ ಅವಳು ಬಂದಳು. ನಾನು ನೋಡಿರಲಿಲ್ಲ. ಸಾಹೇಬರೇ ಆಮೇಲೆ ಹೇಳಿದರು: "ಟೀಚರ ಬಾಯಿಯವರು ಬಸ್ ಇಳಿದು ಎದುರಿನ ಕಟ್ಟೆಯ ಮೇಲೆ ಒಂದು ತಾಸು ಕೂತಿದ್ದರು. ಬಂದವರು ಹೋದವರು ಏನಂತಾರೆ ಅಂತ ಕೇಳುತ್ತಿದ್ದರು."

ಎದ್ದು ಬಂದು ಅಂಗಡಿಯ ಮುಂದೆ ನಿಂತಾಗ ನಾನು ತಲೆ ಎತ್ತಿದೆ. ಬಡವಾಗಿದ್ದಳು.

"ಊಟ ಆಗೇತೇನ್ರಿ?" ಎಂದಳು.

"ಇಲ್ಲ."

"ಕೈ ತೊಳಕೊಂಡ ಬರ್ರಿ."

ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚಿದಳು. ಇಬ್ಬರೂ ಎದುರುಬದುರು ಕೂತು ಉಂಡೆವು. ಮರುದಿನ ಗುಡಿಯಲ್ಲಿ ಹೊಸ ಉಪದೇಶಿ ಮಾತಾಡಿದ. ಹರೆಯದವನು, ಚೆನ್ನಾಗಿ ಮಾತಾಡಿದ. ನಾನು ಬಾಗಿಲ ಹತ್ತಿರದ ಚಾಪೆಯಲ್ಲಿ ಕೂತು ಕೇಳಿದೆ.

ಜೂನಿನಲ್ಲಿ ಸಾಲಿಗಳು ಶುರುವಾದಾಗ ಅವಳು ಕುಷ್ಟಗಿಗೆ ಬದಲಿ ಮಾಡಿಸಿಕೊಂಡಳು. ಆಮೇಲೆ ನಾವು ಇಪ್ಪತ್ತಾರು ವರ್ಷ ಕೂಡಿ ಬಾಳಿದೆವು. ಅಂಗಡಿಯ ಒಳಗೆ ಅವಳು ಎಂದೂ ಕಾಲಿಡಲಿಲ್ಲ. ಮೆಟ್ಟಿಲ ತನಕ ಬಂದು ಕರೆಯುತ್ತಿದ್ದಳು. ನಾನು ಎಲ್ಲಿಗಾದರೂ ಹೊರಟರೆ ಯಾವ ಊರೆಂದು ಕೇಳುತ್ತಿದ್ದಳು. ಹೇಳಿದ ಮೇಲೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ "ಹೋಗಿ ಬರ್ರಿ" ಎನ್ನುತ್ತಿದ್ದಳು.